ಹೋದವರೆಷ್ಟು, ಬಂದವರೆಷ್ಟು

ನಂದಿದುರ್ಗವೆಂದೊಡನೆ ಕೇಳುವವರ ಕಣ್ಣಿಗೆ ಕಟ್ಟುವುದು ಮಂಜು ಮುಸುಕಿದ ಬೆಟ್ಟ, ಅದರ ಮೇಲಿನ ಟಿಪ್ಪುವಿನ ಕೋಟೆ. ನಾನು ಹುಟ್ಟಿ ಬೆಳೆದ ನಂದಿದುರ್ಗ ಅದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ಬಾಲಘಾಟ್ ಎಂಬ ಗಣಿಗಳ ಜೊತೆಗೆ ನಂದಿದುರ್ಗವೆಂಬುದೂ ಒಂದು ಗಣಿ. ಅಲ್ಲಿ ನೆಲದ ಕೆಳಗೆ ಏನಿತ್ತೆಂಬುದು ಜಗತ್ತಿಗೇ ಗೊತ್ತು. ನೆಲದ ಮೇಲೆ ನೀರಿರಲಿಲ್ಲ. ಕುಡಿಯುವ ನೀರು ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಬರಬೇಕಾಗಿತ್ತು. ಆ ಕೆರೆಗೆ ನೀರು ಪಾಲಾರ್ ನದಿಯದು. ಪಾಲಾರ್ ಹುಟ್ಟುವುದು ಬೆಟ್ಟದ ನಂದಿದುರ್ಗದ ಆಸುಪಾಸಿನಲ್ಲಿ. ಎರಡು ನಂದಿದುರ್ಗಗಳಿಗೂ ಹೆಸರಿನ ನೆಂಟಸ್ತನವಲ್ಲದೆ ಹೀಗೆ ನೀರಿನ ನೆಂಟಸ್ತನವೂ ಇತ್ತೆನ್ನಬಹುದು. ಇಂಥ ಬರಡು ಸೀಮೆಯವನು, ಅದರಲ್ಲಿಯೂ ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು, ದೋಣಿಗಳ ವಿಚಾರವಾಗಿ ಮಾತನಾಡಲು ಹೊರಟರೆ ನೀವು ನಗುವುದು ಸಹಜ. ನಕ್ಕಮೇಲೆ ಸ್ವಲ್ಪ ಕೇಳಿ.

ನನ್ನ ಹಿರಿಯ ಮಗಳ ಮನೆ ಕಾರವಾರದಲ್ಲಿದೆ. ಅಳಿಯನಿಗೆ ಒಂದು ಸಣ್ಣ ದೋಣಿಯ ಹುಚ್ಚು. ಅದೇ ಹುಚ್ಚಿನ ಏಳು ಮಂದಿ ಗೆಳೆಯರು ಅವನಿಗೆ ಸಿಕ್ಕಿದ್ದಾರೆ. ಒಬ್ಬರು ಬ್ಯಾಂಕಿನಲ್ಲಿದ್ದವರು, ಇಬ್ಬರು ಮೀನುಗಾರಿಕೆಯ ಮನೆತನದವರು, ಉಳಿದವರು ಬೇರೆ ಬೇರೆ ಉದ್ಯೋಗದವರು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ವರ್ಷಕ್ಕೆ ಎರಡು ಮೂರು ಬಾರಿ, ಇವರೆಲ್ಲ ಮನೆಮಂದಿಯನ್ನು ಕೂರಿಸಿಕೊಂಡು ಶನಿವಾರ ಬೆಳಿಗ್ಗೆ ಕೋಡಿಬಾಗದಿಂದ ಕಾಳಿ ನದಿಯಲ್ಲಿ ಮೇಲಕ್ಕೆ ಹೊರಟು, ರಾತ್ರಿ ಒಂದು ದಂಡೆಯಲ್ಲಿ ತಂಗಿ, ಭಾನುವಾರ ಸಂಜೆ ಮರಳುತ್ತಾರೆ. ಎಂಟು ದೋಣಿ, ಇಪ್ಪತ್ತೇಳು ಜನ. ದೋಣಿ ನಡೆಸಲು ಬಾರದ ನನಗೆ ಅವರು ಕೊಟ್ಟ ಕೆಲಸ ಪಟ್ಟಿ ಬರೆಯುವುದು. ಕಾಗದ ಪತ್ರದ ಕೆಲಸವೆಂದು ಒಪ್ಪಿಕೊಂಡೆ. ಇಡೀ ಯಾನ ನಿಂತಿರುವುದೇ ಆ ಪಟ್ಟಿಯ ಮೇಲೆ ಎಂಬುದು ತಿಳಿದದ್ದು ಆಮೇಲೆ.

ಒಬ್ಬನೇ ದೋಣಿ ನಡೆಸುವುದಕ್ಕೂ ಹತ್ತು ದೋಣಿ ಜೊತೆಯಾಗಿ ಹೋಗುವುದಕ್ಕೂ ಇರುವ ಅಂತರ ದೊಡ್ಡದು. ಒಬ್ಬನೇ ಹೋಗುವವನಿಗೆ ತನ್ನ ವೇಗವೇ ವೇಗ. ಜೊತೆಯಲ್ಲಿ ಹೋಗುವವರಿಗೆ ಎಲ್ಲರಿಗಿಂತ ನಿಧಾನವಾದ ದೋಣಿಯ ವೇಗವೇ ವೇಗ. ಇದು ಸೌಜನ್ಯದ ಮಾತಲ್ಲ, ಭೌತಶಾಸ್ತ್ರದ ಮಾತು. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ದಾಟಿ ಹೋಗಲಾರದು; ಎಂಜಿನ್ನಿನ ಶಕ್ತಿ ಎಷ್ಟೇ ಹೆಚ್ಚಿಸಿದರೂ ಒಂದು ಮಿತಿಯಾಚೆ ಎಣ್ಣೆ ಉರಿಯುವುದೇ ಹೊರತು ದಾರಿ ಸಾಗದು. ಆ ಮಿತಿ ದೋಣಿಯ ಉದ್ದವನ್ನು ಅವಲಂಬಿಸಿದೆ. ನೀರಿನ ಗೆರೆಯಲ್ಲಿ ಅಳೆದ ಉದ್ದ ಎಷ್ಟು ಮೀಟರೋ ಅದರ ವರ್ಗಮೂಲವನ್ನು ನಾಲ್ಕೂವರೆಯಿಂದ ಗುಣಿಸಿದರೆ, ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸರಿಸುಮಾರಾಗಿ ಬರುತ್ತದೆ. 4 ಮೀಟರಿನ ದೋಣಿಗೆ 9 ಕಿಲೋಮೀಟರ್, 9 ಮೀಟರಿನ ದೋಣಿಗೆ ಹದಿಮೂರೂವರೆ. ಹಗುರವಾದ ಚಪ್ಪಟೆ ತಳದ ದೋಣಿಗಳು ನೀರಿನ ಮೇಲೆ ಜಾರಿ ಈ ಲೆಕ್ಕವನ್ನು ಮೀರುತ್ತವೆ. ತಂಡದಲ್ಲಿ ಜಗಳ ಹುಟ್ಟುವುದೂ ಅವುಗಳಿಂದಲೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ಗುಂಪುಗುಂಪಾಗಿ ದಾಟುತ್ತಿದ್ದ ಸರಕುಹಡಗುಗಳನ್ನು ವೇಗದವು, ನಿಧಾನದವು ಎಂದು ಬೇರೆ ಬೇರೆ ತಂಡಗಳಾಗಿ ವಿಂಗಡಿಸುತ್ತಿದ್ದರಂತೆ. ನಮ್ಮ ಎಂಟು ದೋಣಿಗಳಿಗೆ ಅಂಥ ವಿಂಗಡಣೆ ಸಾಧ್ಯವಿಲ್ಲ. ನಾವು ಮಾಡುವುದು ಇಷ್ಟು: ಮುಂದಿನ ದೋಣಿ ಯಾವುದು, ಹಿಂದಿನ ದೋಣಿ ಯಾವುದು ಎಂದು ಮೊದಲೇ ಗೊತ್ತುಮಾಡುತ್ತೇವೆ. ಮುಂದಿನದನ್ನು ಯಾರೂ ದಾಟಬಾರದು. ಹಿಂದಿನದರ ಹಿಂದೆ ಯಾರೂ ಉಳಿಯಬಾರದು. ಅತ್ಯಂತ ನಿಧಾನದ ದೋಣಿಯನ್ನು ಕೊನೆಗೆ ಹಾಕದೆ ಮುಂದಾಳಿನ ಬೆನ್ನಿಗೇ ಹಾಕುತ್ತೇವೆ. ಕೊನೆಯಲ್ಲಿದ್ದರೆ ಅದರ ಯಜಮಾನ ದಿನವಿಡೀ ನಾಚಿಕೆಯಲ್ಲಿ ಎಂಜಿನ್ ಬಿಸಿಮಾಡುತ್ತಾನೆ. ಎರಡನೆಯದಾಗಿದ್ದರೆ ಅವನೂ ಗತ್ತಿನಿಂದ ಕುಳಿತಿರುತ್ತಾನೆ, ಮುಂದಾಳಿಗೂ ವೇಗ ಎಷ್ಟಿರಬೇಕೆಂದು ತಿರುಗಿ ನೋಡಿದರೆ ತಿಳಿಯುತ್ತದೆ. ದೋಣಿಯ ಯಜಮಾನರ ಮನಸ್ಸು ಕವಿಗಳ ಮನಸ್ಸಿನಂತೆ. ತನ್ನದಕ್ಕಿಂತ ಒಳ್ಳೆಯದೊಂದಿದೆ ಎಂದು ಬಾಯಲ್ಲಿ ಒಪ್ಪಿದರೂ ಒಳಗೆ ಒಪ್ಪುವುದಿಲ್ಲ.

ಎಣ್ಣೆಯ ಲೆಕ್ಕ ಸರಳ. ಮೂರು ಪಾಲು ಮಾಡಿ, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಮುಟ್ಟದೆ ಇಡುವುದಕ್ಕೆ ಒಂದು. ಊಟದ ವಿಚಾರ ಹೆಂಗಸರೂ ಬ್ಯಾಂಕಿನವರೂ ನೋಡಿಕೊಳ್ಳುತ್ತಾರೆ. ನಾನು ಅದರಲ್ಲಿ ತಲೆಹಾಕುವುದಿಲ್ಲ.

ನೀರಿನ ವಿಚಾರ ಹೆಚ್ಚು ಸೂಕ್ಷ್ಮವಾದುದು. ಕಾಳಿ ಜೊಯಿಡಾ ಕಡೆಯ ಕಾಡಿನಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಕಡಲು ಸೇರುತ್ತದೆ. ಕೆಳಭಾಗದಲ್ಲಿ ಅದು ನದಿಯೂ ಹೌದು, ಕಡಲೂ ಹೌದು. ಭರತದ ಹೊತ್ತಿನಲ್ಲಿ ಕಡಲು ನದಿಯೊಳಕ್ಕೆ ಏರಿ ಬರುತ್ತದೆ; ಇಳಿತದಲ್ಲಿ ಹಿಂದಿರುಗುತ್ತದೆ. ಭರತದ ಬೆನ್ನೇರಿ ಮೇಲಕ್ಕೆ ಹೋದವನಿಗೆ ನದಿಯೇ ಹುಟ್ಟು ಹಾಕಿಕೊಡುತ್ತದೆ. ಈ ಏರಿಳಿತ ದಿನಕ್ಕೆ ಎರಡು ಬಾರಿ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಶನಿವಾರದ ವೇಳಾಪಟ್ಟಿಯನ್ನು ಭಾನುವಾರಕ್ಕೂ ಹಾಗೆಯೇ ಬರೆದಿಟ್ಟುಕೊಂಡವನು ಕೆಸರಿನಲ್ಲಿ ಕೂರುತ್ತಾನೆ. ಇದರ ಮೇಲೆ, ಕದ್ರಾ ಅಣೆಕಟ್ಟೆಯಿಂದ ನೀರು ಬಿಡುತ್ತಾರೆಯೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. ರಾತ್ರಿ ತಂಗುವಾಗ ಲಂಗರಿನ ಹಗ್ಗ ಭರತದ ನೀರಿನ ಆಳದ ಐದು ಪಟ್ಟಾದರೂ ಇರಬೇಕು. ಇಳಿತದ ನೀರನ್ನು ಅಳೆದು ಹಗ್ಗ ಬಿಟ್ಟವನ ದೋಣಿ ನಡುರಾತ್ರಿ ನೆರೆಯವನ ದೋಣಿಯನ್ನು ಮಾತನಾಡಿಸಲು ಹೋಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಸೆಳೆತ ಬಲವಾದುದು. ಆ ದಿನಗಳ ಮಧ್ಯಾಹ್ನದ ಮೇಲೆ, ಕಡಲಿನಿಂದ ಗಾಳಿಯೆದ್ದಾಗ, ಇಳಿತದ ನೀರೂ ಒಳಬರುವ ಅಲೆಯೂ ಅಳಿವೆಯ ಬಾಯಲ್ಲಿ ಎದುರುಬದುರಾದರೆ, ಅಲೆಗಳು ಗಿಡ್ಡವಾಗಿ ಕಡಿದಾಗಿ ನಿಲ್ಲುತ್ತವೆ. ನಮ್ಮ ತಂಡ ಅಳಿವೆಯ ಕಡೆಗೆ ಹೋಗುವುದೇ ಇಲ್ಲ.

ಹೋಗುವವರಿದ್ದಾರೆ. ಕಾರವಾರದೆದುರು ಕಡಲಿನಲ್ಲಿ ಕೂರ್ಮಗಡವೆಂಬ ನಡುಗಡ್ಡೆಯಿದೆ, ಅದರ ಮೇಲೆ ನರಸಿಂಹನ ಗುಡಿ. ಪುಷ್ಯಮಾಸದ ಹುಣ್ಣಿಮೆಯಂದು ಅಲ್ಲಿ ಜಾತ್ರೆ. ದಂಡೆಯ ಸಣ್ಣ ದೋಣಿಗಳು ಭಕ್ತರನ್ನು ತುಂಬಿಕೊಂಡು ಅಂದು ಸಾಲಾಗಿ ಕಡಲಿಗಿಳಿಯುತ್ತವೆ. ದೋಣಿಯವರು ಸೇರಿ ಹೊರಡುವ ಯಾನಕ್ಕೆ ಕನ್ನಡ ನಾಡಿನಲ್ಲಿ ನಾನು ಕಂಡ ಅತ್ಯಂತ ಸುಂದರ ನಿದರ್ಶನ ಅದು. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ಒಂದು ದೋಣಿ ಮಗುಚಿತು. 16 ಮಂದಿ ತೀರಿಕೊಂಡರು. ಬಯಲುಸೀಮೆಯಿಂದ ಜಾತ್ರೆ ನೋಡಲು ಬಂದ ಸಂಸಾರಗಳು ಅದರಲ್ಲಿದ್ದವು, ಮಕ್ಕಳಿದ್ದರು.

ದೋಣಿಗೆ ಹೆಚ್ಚು ಜನ ಹತ್ತಿದರೆ ಅದು ಭಾರದಿಂದ ಮುಳುಗುವುದೆಂದು ನಾವು ಒಳನಾಡಿನವರು ತಿಳಿದಿದ್ದೇವೆ. ಅನೇಕ ವೇಳೆ ಅದು ಮುಳುಗುವುದಲ್ಲ, ಮಗುಚುವುದು. ಜನ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ನಿಂತವರು ಹೆಚ್ಚಿದಷ್ಟೂ ಭಾರದ ಕೇಂದ್ರ ಮೇಲಕ್ಕೇರುತ್ತದೆ. ಆಗ ಒಂದು ಅಲೆ ಬಂದು, ಬೆದರಿದ ಜನ ಒಂದೇ ಕಡೆಗೆ ಸರಿದರೆ ಸಾಕು. ಎಷ್ಟು ಜನ ಹಿಡಿಯುತ್ತಾರೆಂಬುದು ಹೊಸ ಪ್ರಶ್ನೆಯೇನೂ ಅಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಆನೆಗೊಂದಿಯ ಬಳಿ ಹೊಳೆ ದಾಟಿಸುತ್ತಿದ್ದ ಹರಿಗೋಲುಗಳನ್ನು ನೋಡಿ, ಅವು ಬುಟ್ಟಿಯಂತೆ ಗುಂಡಗಿರುವುದನ್ನೂ ಸದಾ ಸುತ್ತುತ್ತ ಸಾಗುವುದನ್ನೂ ಬರೆಯುವಾಗ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆಂಬುದನ್ನು ಬರೆದಿಡಲು ಮರೆಯಲಿಲ್ಲ.

ಕೂರ್ಮಗಡದ ಸುದ್ದಿಯನ್ನು ಓದಿದ ದಿನ ನನ್ನನ್ನು ಕಲಕಿದ್ದು ಇನ್ನೊಂದು ಸಂಗತಿ. ಆ ದೋಣಿಯಲ್ಲಿ ಎಷ್ಟು ಜನರಿದ್ದರೆಂಬುದು ಮೊದಲ ವರದಿಗಳಲ್ಲಿ ಒಂದೊಂದು ಕಡೆ ಒಂದೊಂದು ಸಂಖ್ಯೆಯಾಗಿತ್ತು. ಎಷ್ಟು ಮಂದಿ ಹೋಗಿದ್ದರೆಂದು ಗೊತ್ತಿಲ್ಲದೆ, ಇನ್ನೆಷ್ಟು ಮಂದಿಯನ್ನು ಹುಡುಕಬೇಕೆಂದು ಹುಡುಕುವವರು ತಿಳಿಯುವುದು ಹೇಗೆ?

ಇಷ್ಟನ್ನು ಯೋಚಿಸಿದ್ದ ನಾನೇ ಮೂರು ವರ್ಷಗಳ ಮೇಲೆ, 2022ರ ಡಿಸೆಂಬರಿನಲ್ಲಿ, ಆ ತಪ್ಪನ್ನು ಮಾಡಿದೆ. ಅಂದು ನನ್ನ ಪಟ್ಟಿಯಲ್ಲಿ ಎಲ್ಲವೂ ಇತ್ತು: ಯಾವ ದೋಣಿಯಲ್ಲಿ ಯಾರು ಯಾರು, ಯಾರಿಗೆ ಈಜು ಬರುತ್ತದೆ, ಯಾರ ಹತ್ತಿರ ಯಾವ ಔಷಧಿ. ತೇಲುವ ಅಂಗಿ ಇಪ್ಪತ್ತೇಳು ಜನರಿಗೂ ಇತ್ತು. ಮಧ್ಯಾಹ್ನ ಊಟಕ್ಕೆಂದು ಒಂದು ದಂಡೆಯಲ್ಲಿ ಇಳಿದೆವು. ಮತ್ತೆ ಹತ್ತುವಾಗ ಮಕ್ಕಳು ದೋಣಿ ಬದಲಾಯಿಸಿದರು, ಹರಟೆಯ ಆಸೆಗೆ ದೊಡ್ಡವರೂ ಬದಲಾಯಿಸಿದರು. ನಾನು ದಡದಲ್ಲಿ ನಿಂತು ದೋಣಿಗಳನ್ನು ಎಣಿಸಿದೆ. ಎಂಟು. ಸರಿಯಾಗಿದೆ ಎಂದೆ. ಪಟ್ಟಿ ನನ್ನ ಜೇಬಿನಲ್ಲೇ ಇತ್ತು.

ಸಂಜೆ ತಂಗುವ ಜಾಗದಲ್ಲಿ ದೀಪ ಹಚ್ಚಿದ ಮೇಲೆ ಒಬ್ಬ ತಾಯಿ ತನ್ನ ಹನ್ನೆರಡು ವರ್ಷದ ಮಗನನ್ನು ಕರೆದಳು. ಅವನು ಚಿಕ್ಕಪ್ಪನ ದೋಣಿಯಲ್ಲಿದ್ದಾನೆಂದು ಅವಳು ತಿಳಿದಿದ್ದಳು. ತಾಯಿಯ ದೋಣಿಯಲ್ಲಿದ್ದಾನೆಂದು ಚಿಕ್ಕಪ್ಪ ತಿಳಿದಿದ್ದ. ಆ ಅರೆಗಳಿಗೆಯ ಮೌನವನ್ನು ನಾನು ವರ್ಣಿಸಲಾರೆ. ಎರಡು ದೋಣಿಗಳು ಟಾರ್ಚು ಹಿಡಿದು ಕತ್ತಲಲ್ಲಿ ಹಿಂದಿರುಗಿದವು. ಇಪ್ಪತ್ತು ವರ್ಷ ಚುಕ್ಕಾಣಿ ಹಿಡಿದವರ ಕೈ ಅಂದು ನಡುಗುತ್ತಿತ್ತೆಂದು ಅಳಿಯ ಆಮೇಲೆ ಹೇಳಿದ. ಒಂದೂವರೆ ಗಂಟೆಯ ಮೇಲೆ ಹುಡುಗ ಸಿಕ್ಕಿದ, ನಾವು ಊಟ ಮಾಡಿದ ಜಾಗದಲ್ಲೇ. ಭರತದ ನೀರು ಏರುತ್ತ ಬಂದಂತೆ ತಾನೂ ಒಂದೊಂದು ಮಾರು ಮೇಲೆ ಸರಿದು ಕುಳಿತಿದ್ದ. ಹಕ್ಕಿ ನೋಡಲು ಹೋಗಿದ್ದನಂತೆ. ಮರಳಿದಾಗ ದೋಣಿಗಳು ತಿರುವಿನಲ್ಲಿದ್ದುವಂತೆ. "ಎಣಿಸಿದೆ, ಎಂಟೂ ಹೋದವು" ಎಂದ. ನಾವಿಬ್ಬರೂ ಎಣಿಸಿದ್ದು ಅದನ್ನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಂದೆಯ ಹಿತ್ತಾಳೆಯ ಬಿಲ್ಲೆ ನೆನಪಾಯಿತು. ಅವರು ನಂದಿದುರ್ಗದ ಗಣಿಯಲ್ಲಿ ದುಡಿದವರು. ಪಾಳಿಗೆ ಹೋಗುವ ಪ್ರತಿಯೊಬ್ಬನಿಗೂ ಒಂದು ಸಂಖ್ಯೆಯ ಬಿಲ್ಲೆ. ಇಳಿಯುವಾಗ ತೆಗೆದುಕೊಳ್ಳಬೇಕು, ಮೇಲೆ ಬಂದಮೇಲೆ ಹಿಂದಿರುಗಿಸಬೇಕು. ಎಷ್ಟು ಮೊಳೆಗಳು ಖಾಲಿಯೋ ಅಷ್ಟು ಜನ ನೆಲದ ಕೆಳಗೆ. ಆಳದಲ್ಲಿ ಬಂಡೆ ಸಿಡಿದ ದಿನ ಊರಿನ ಹೆಂಗಸರು ಓಡಿ ಬರುತ್ತಿದ್ದುದು ಆ ಹಲಗೆಯ ಬಳಿಗೆ. ತೂಗುಪಂಜರದಲ್ಲಿ ಇಳಿದವರು ಎಷ್ಟು ಪಂಜರ ಎಂದು ಯಾರೂ ಎಣಿಸುತ್ತಿರಲಿಲ್ಲ. ಎಷ್ಟು ಬಿಲ್ಲೆ ಎಂದು ಎಣಿಸುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಜನರನ್ನು ಇಳಿಸಿ ಮೇಲೆ ತರುತ್ತಿದ್ದ ಊರಿನ ಲೆಕ್ಕದ ಪದ್ಧತಿ ನನ್ನ ಮನೆಯಲ್ಲೇ ಇತ್ತು, ನನಗೆ ಹೊಳೆದಿರಲಿಲ್ಲ.

ಈಗ ನಮ್ಮಲ್ಲಿ ಒಂದು ಹಲಗೆಯಿದೆ, ಇಪ್ಪತ್ತೇಳು ಮೊಳೆ, ಇಪ್ಪತ್ತೇಳು ಬಿಲ್ಲೆ. ಹಲಗೆ ಹಿಂದಿನ ದೋಣಿಯಲ್ಲಿರುತ್ತದೆ. ದಡಕ್ಕೆ ಇಳಿಯುವವನು ತನ್ನ ಬಿಲ್ಲೆಯನ್ನು ತೆಗೆದುಕೊಂಡು ಇಳಿಯುತ್ತಾನೆ, ಹತ್ತುವಾಗ ಮರಳಿ ನೇತುಹಾಕಿ ಹತ್ತುತ್ತಾನೆ. ಮೊಳೆಗಳೆಲ್ಲ ತುಂಬುವವರೆಗೆ ಯಾವ ಎಂಜಿನ್ನೂ ಶಬ್ದ ಮಾಡುವಂತಿಲ್ಲ. ದೋಣಿ ಬದಲಾಯಿಸಲು ಅಡ್ಡಿಯಿಲ್ಲ. ನನಗೆ ಹೇಳಿ ಬದಲಾಯಿಸಬೇಕು. ಪಟ್ಟಿಯ ಒಂದು ಪ್ರತಿ ಮನೆಯಲ್ಲಿರುವ ನನ್ನ ಮಗಳ ಬಳಿ; ಭಾನುವಾರ ಸಂಜೆ ಏಳರೊಳಗೆ ನಮ್ಮಿಂದ ಸುದ್ದಿ ಬಾರದಿದ್ದರೆ ಅವಳು ಯಾರಿಗೆ ತಿಳಿಸಬೇಕೆಂಬುದು ಅದರ ಬೆನ್ನಿನ ಮೇಲೆ ಬರೆದಿದೆ. ಕಡಲಿಗೆ ಹೋಗುವವರಾದರೆ ಕರಾವಳಿ ರಕ್ಷಣಾಪಡೆಯ 1554 ಎಂಬ ದೂರವಾಣಿ ಸಂಖ್ಯೆಯನ್ನೂ ಬರೆದುಕೊಳ್ಳಬೇಕು.

ಇನ್ನೊಂದು ನಿಯಮವನ್ನೂ ಸೇರಿಸಿದ್ದೇವೆ. ಶುಕ್ರವಾರ ಸಂಜೆ ಆರು ಗಂಟೆಗೆ ಎಲ್ಲರೂ ಸೇರಿ ಹವಾಮಾನದ ವರದಿ ಓದಿ, ಹೋಗುವುದೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ಬೆಳಿಗ್ಗೆ ಬುತ್ತಿ ಕಟ್ಟಿ, ಮಕ್ಕಳನ್ನು ಎಬ್ಬಿಸಿ, ದಡಕ್ಕೆ ಬಂದಮೇಲೆ ಬೇಡವೆನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಶುಕ್ರವಾರ ಯಾರೊಬ್ಬ ಯಜಮಾನ ಬರುವುದಿಲ್ಲವೆಂದರೂ ಕಾರಣ ಕೇಳುವಂತಿಲ್ಲ. ಮುಂದಾಳು ಸೇನಾಪತಿಯಲ್ಲ, ಅವನು ಹೊರಡೋಣವೆಂದರೂ ತನ್ನ ದೋಣಿಯ ಹೊಣೆ ಆಯಾ ಯಜಮಾನನದೇ.

ಕಳೆದ ಯಾನದಲ್ಲಿ 19ನೆಯ ಬಿಲ್ಲೆ ಒಂದು ಪುಟ್ಟ ಹುಡುಗಿಯ ಕೈಜಾರಿ ಕಾಳಿಯ ಪಾಲಾಯಿತು. ಹೊರಡುವ ಹೊತ್ತು, ಒಂದು ಮೊಳೆ ಖಾಲಿ. ಎಲ್ಲರಿಗೂ ಕಾರಣ ಗೊತ್ತಿತ್ತು. ಆದರೂ ಯಾರೂ ಎಂಜಿನ್ ಎಬ್ಬಿಸಲಿಲ್ಲ. ಆ ಹುಡುಗಿಯನ್ನೇ ಕರೆದು ಹಲಗೆಯ ಪಕ್ಕದಲ್ಲಿ, ಖಾಲಿ ಮೊಳೆಯ ಕೆಳಗೆ ನಿಲ್ಲಿಸಿ, ಮೊದಲಿನಿಂದ ಎಣಿಸಿದೆವು.