ಕಹಿಗೂ ಒಂದು ಟೈಮಿಂಗ್ ಇದೆ

ಬಿಯರ್ ಬಗ್ಗೆ ಬರೆಯುವವರ ಟೇಸ್ಟಿಂಗ್ ನೋಟ್ಸ್ ಯಾವತ್ತಾದ್ರೂ ಓದಿದ್ದೀರಾ? ಮೊದಲು ಕಿತ್ತಳೆ ಸಿಪ್ಪೆಯ ಘಮ, ಆಮೇಲೆ ಒಣದ್ರಾಕ್ಷಿ, ಕೊನೆಗೆ ಪೈನ್ ಮರದ ಅಂಟು ಅಂತೆಲ್ಲಾ ಇರುತ್ತೆ. ಆದ್ರೆ ಒಳಗಿರೋದು ಮುಖ್ಯವಾಗಿ ನಾಲ್ಕೇ ಪದಾರ್ಥ: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದ್ರೆ ಮಾಲ್ಟ್, ಯೀಸ್ಟ್ ಮತ್ತು ಹಾಪ್ಸ್. ಕಿತ್ತಳೆಯೂ ಇಲ್ಲ, ದ್ರಾಕ್ಷಿಯೂ ಇಲ್ಲ. ಹಾಗಾದ್ರೆ ಈ ವರ್ಣನೆಯೆಲ್ಲಾ ಬರೀ ಬಿಲ್ಡಪ್ಪಾ?

ಅಲ್ಲ. ನನಗಿನ್ನೂ 19, ಹಾಗಾಗಿ ಇದು ಕುಡಿದು ಬರೆದ ರಿವ್ಯೂ ಅಲ್ಲ. ಆದ್ರೆ ಆ ರುಚಿ ಎಲ್ಲಿಂದ ಬರುತ್ತೆ ಅಂತ ತಿಳಿಯೋಕೆ ಗ್ಲಾಸ್ ಬೇಕಿಲ್ಲ, ಫಸ್ಟ್ ಇಯರ್ ಕೆಮಿಸ್ಟ್ರಿ ಸಾಕು. ಉದಾಹರಣೆಗೆ ಅಮೆರಿಕದ ಡೆಲವೇರ್ ರಾಜ್ಯದ ಡಾಗ್‌ಫಿಶ್ ಹೆಡ್ ಕಂಪನಿಯ '90 ಮಿನಿಟ್ ಐಪಿಎ' ತಗೊಳ್ಳೋಣ.

ಹೆಸರಲ್ಲಿ ಇಂಡಿಯಾ ಯಾಕೆ?

ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್. 18ನೇ ಶತಮಾನದ ಕೊನೆಯಿಂದ ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿಯ ಬಿಯರ್ ಹಡಗಿನಲ್ಲಿ ಇಲ್ಲಿದ್ದ ಬ್ರಿಟಿಷರಿಗೆ ಬರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನವರೂ ಪೈಪೋಟಿಗೆ ಇಳಿದರು. ಆಫ್ರಿಕಾ ಸುತ್ತಿ ಬರೋಕೆ ತಿಂಗಳುಗಟ್ಟಲೆ ಬೇಕು. ಹಾಪ್ಸ್‌ನಲ್ಲಿ ಬ್ಯಾಕ್ಟೀರಿಯಾ ತಡೆಯುವ ಗುಣ ಇರೋದರಿಂದ ಅದನ್ನ ಧಾರಾಳವಾಗಿ ಹಾಕುತ್ತಿದ್ದರು. ಇಂಡಿಯಾ ನಂಟು ಅಷ್ಟೇ. ಈಗಿನ ಕ್ರಾಫ್ಟ್ ಐಪಿಎಗಳ ರುಚಿ ಹೆಚ್ಚಾಗಿ ಅಮೆರಿಕದಲ್ಲಿ ರೂಪುಗೊಂಡಿದ್ದು.

ಒಂದೇ ಹೂವು, ಎರಡು ಕೆಲಸ

ಹಾಪ್ಸ್ ಒಂದು ಬಳ್ಳಿಯ ಹೂವು. ಅದರೊಳಗಿನ ಹಳದಿ ಪುಡಿಯಲ್ಲಿ ಎರಡು ಬಗೆಯ ವಸ್ತುಗಳಿವೆ. ಒಂದು, ಆಲ್ಫಾ ಆಸಿಡ್. ಇದು ಹಾಗೇ ಇದ್ದರೆ ನೀರಿನಲ್ಲಿ ಅಷ್ಟಾಗಿ ಕರಗಲ್ಲ. ಕುದಿಸಿದಾಗ ಐಸೋಮರೈಸ್ ಆಗುತ್ತೆ: ಪರಮಾಣುಗಳು ಅವೇ, ಜೋಡಣೆ ಬೇರೆ. ಆಗ ಕರಗುತ್ತೆ, ಕಹಿ ಕೊಡುತ್ತೆ. ಜಾಸ್ತಿ ಹೊತ್ತು ಕುದ್ದಷ್ಟೂ ಜಾಸ್ತಿ ಕಹಿ.

ಎರಡನೆಯದು ಸುವಾಸನೆಯ ಎಣ್ಣೆಗಳು: ಮಿರ್ಸೀನ್, ಲಿನಲೂಲ್, ಜೆರಾನಿಯಾಲ್. ಲಿನಲೂಲ್ ನಮ್ಮ ಧನಿಯಾದಲ್ಲೂ ಇದೆ, ಜೆರಾನಿಯಾಲ್ ಗುಲಾಬಿಯಲ್ಲೂ ಇದೆ. ಅಂದ್ರೆ ಬಿಯರಿನಲ್ಲಿ ಹೂವಿನ ವಾಸನೆ ಬಂತು ಅಂದವನು ಕವಿತೆ ಬರೀತಿಲ್ಲ, ಅವನ ಮೂಗಿಗೆ ನಿಜವಾಗಿ ಅದೇ ಅಣು ಸಿಕ್ಕಿದೆ.

ಸಮಸ್ಯೆ ಏನಂದ್ರೆ, ಈ ಎಣ್ಣೆಗಳು ಕುದಿಯುವಾಗ ಹಾರಿಹೋಗುತ್ತವೆ. ಮಿರ್ಸೀನ್‌ನ ಕುದಿಬಿಂದು ಸುಮಾರು 167 ಡಿಗ್ರಿ, 100 ಡಿಗ್ರಿಯಲ್ಲಿ ಹೇಗೆ ಹೋಗುತ್ತೆ ಅಂತ ಕೇಳಬಹುದು. ಸ್ಟೀಮ್ ಡಿಸ್ಟಿಲೇಶನ್ ನೆನಪಿದೆಯಾ? ಹಬೆ ತನ್ನ ಜೊತೆ ಎಳೆದುಕೊಂಡು ಹೋಗುತ್ತೆ.

ಹಾಗಾಗಿ ಕಹಿ ಬೇಕಂದ್ರೆ ಹಾಪ್ಸ್ ಬೇಗ ಹಾಕಬೇಕು, ಘಮ ಬೇಕಂದ್ರೆ ತಡವಾಗಿ. ಅಮ್ಮ ಕೊತ್ತಂಬರಿ ಸೊಪ್ಪನ್ನ ಸಾರು ಇಳಿಸೋ ಹೊತ್ತಿಗೆ ಹಾಕೋದೂ ಇದೇ ಲೆಕ್ಕದ ಮೇಲೆ. ಸಾಮಾನ್ಯ ಬ್ರೂವರ್ ಎರಡು ಮೂರು ಕಂತಿನಲ್ಲಿ ಹಾಕಿ ಮುಗಿಸುತ್ತಾನೆ.

ಸೂಪಿನಿಂದ ಬಂದ ಐಡಿಯಾ

ಡಾಗ್‌ಫಿಶ್ ಹೆಡ್ ಶುರುಮಾಡಿದ ಸ್ಯಾಮ್ ಕಲಜಿಯೋನಿ ಟಿವಿಯಲ್ಲಿ ಒಬ್ಬ ಬಾಣಸಿಗ ಸೂಪ್ ಮಾಡೋದನ್ನ ನೋಡಿದರು. ಮೆಣಸಿನ ಪುಡಿಯನ್ನ ಒಂದೇ ಸಲ ಸುರಿಯದೆ, ಕುದಿಯುವಷ್ಟು ಹೊತ್ತೂ ಚಿಟಿಕೆ ಚಿಟಿಕೆ ಹಾಕುತ್ತಿದ್ದರಂತೆ. ಹಾಪ್ಸನ್ನೂ ಹೀಗೇ ಹಾಕಿದರೆ?

90 ನಿಮಿಷ ಯಾರು ನಿಂತು ಹಾಕ್ತಾರೆ? ಕಲಜಿಯೋನಿ ಹಳೇ ಸಾಮಾನಿನ ಅಂಗಡಿಯಿಂದ ಕರೆಂಟಿನಲ್ಲಿ ನಡುಗುವ ಫುಟ್‌ಬಾಲ್ ಆಟಿಕೆಯೊಂದನ್ನ ತಂದರು. ಆಟಗಾರರ ಬೊಂಬೆಗಳು ಕಂಪನಕ್ಕೆ ಓಡಾಡುವ ತಗಡಿನ ಬೋರ್ಡ್ ಅದು. ಅದನ್ನ ಕುದಿಯುವ ಪಾತ್ರೆಯ ಮೇಲೆ ಓರೆಯಾಗಿ ಇಟ್ಟು, ತೂತು ಮಾಡಿದ ಬಕೆಟ್‌ನಿಂದ ಹಾಪ್ಸ್ ಸ್ವಲ್ಪ ಸ್ವಲ್ಪವೇ ಜಾರಿ ಬೀಳುವಂತೆ ಮಾಡಿದರು. ಪಕ್ಕಾ ಹಾಸ್ಟೆಲ್ ಜುಗಾಡ್! ಮುಂದೆ ಇದಕ್ಕೇ ಅಂತ ಯಂತ್ರವನ್ನೂ ಕಟ್ಟಿದರು. ಬ್ಯಾಚ್ ಪ್ರೋಸೆಸನ್ನ ಕಂಟಿನ್ಯುಯಸ್ ಮಾಡಿದ್ದು ಅಂತ ನಮ್ಮ ಭಾಷೆಯಲ್ಲಿ ಹೇಳಬಹುದು.

ಪರಿಣಾಮ? ಮೊದಲ ನಿಮಿಷಗಳಲ್ಲಿ ಬಿದ್ದ ಹಾಪ್ಸ್ ಕಹಿಯಾಗುತ್ತೆ, ಕೊನೆಯಲ್ಲಿ ಬಿದ್ದದ್ದು ಘಮ ಉಳಿಸಿಕೊಳ್ಳುತ್ತೆ, ನಡುವಿನದು ನಡುವೆ. ಕಹಿ ಒಮ್ಮೆಲೇ ಹೊಡೆಯದೆ ಮೆಟ್ಟಿಲು ಮೆಟ್ಟಿಲಾಗಿ ಬರಬೇಕು ಅನ್ನೋದು ಉದ್ದೇಶ.

90 ಅನ್ನೋ ಸಂಖ್ಯೆ

ಕಹಿಗೆ ಐಬಿಯು ಅಂತ ಅಳತೆ ಇದೆ. 1 ಐಬಿಯು ಅಂದ್ರೆ ಹೆಚ್ಚುಕಮ್ಮಿ ಲೀಟರಿಗೆ 1 ಮಿಲಿಗ್ರಾಂ ಐಸೋ ಆಲ್ಫಾ ಆಸಿಡ್. ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 275 ನ್ಯಾನೋಮೀಟರ್ ಬೆಳಕು ಹಾಯಿಸಿ ಅಳೆಯುತ್ತಾರೆ. ಇದೇ ಕಂಪನಿಯ '60 ಮಿನಿಟ್'ಗೆ 60 ಐಬಿಯು, '90 ಮಿನಿಟ್'ಗೆ 90.

ಹಾಗಾದ್ರೆ 90 ಒಂದೂವರೆ ಪಟ್ಟು ಕಹಿನಾ? ನಾಲಿಗೆ ಹಾಗೆ ಲೆಕ್ಕ ಹಾಕಲ್ಲ. 90ರಲ್ಲಿ ಮಾಲ್ಟ್ ಜಾಸ್ತಿ, ಆ ಸಿಹಿ ಕಹಿಯನ್ನ ಹಿಡಿದಿಡುತ್ತೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕಿದ ಹಾಗೆ: ಕಹಿ ಕಡಿಮೆಯಾಗಿರಲ್ಲ, ಆದ್ರೆ ಒಂಟಿಯಾಗಿರಲ್ಲ. ಟೇಸ್ಟಿಂಗ್ ನೋಟ್ಸ್‌ನಲ್ಲಿ ಒಣದ್ರಾಕ್ಷಿ, ಕ್ಯಾರಮೆಲ್ ಅಂತ ಬರೋದು ಈ ಮಾಲ್ಟ್‌ನಿಂದ.

ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ಈ ಬಿಯರಿನಲ್ಲಿ ಆಲ್ಕೋಹಾಲ್ 9%, ಸಾಮಾನ್ಯ ಲಾಗರ್‌ನಲ್ಲಿ ಸುಮಾರು 5%. ಸಿಹಿ ಮತ್ತು ಘಮ ಆ ಖಾರವನ್ನ ಮುಚ್ಚಿಬಿಡುತ್ತವೆ. ನಾಲಿಗೆಗೆ ಮೃದು ಅನ್ನಿಸಿದ್ದು ಲಿವರ್‌ಗೂ ಮೃದು ಅಂತ ಅರ್ಥ ಅಲ್ಲ.

ಪದಗಳೂ ಡೇಟಾನೇ

ನಾವು ಎಂಜಿನಿಯರಿಂಗ್‌ನವರಿಗೆ ಸಂಖ್ಯೆ ಕಂಡ್ರೆ ನಂಬಿಕೆ, ವರ್ಣನೆ ಕಂಡ್ರೆ ಅನುಮಾನ. ಆದ್ರೆ ಇಲ್ಲಿ 90 ಅನ್ನೋ ಅಂಕಿ ಒಂದು ಅಣುವಿನ ಪ್ರಮಾಣ ಮಾತ್ರ ಹೇಳುತ್ತೆ. ಕಹಿ ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು, ಜೊತೆಗೆ ಏನಿತ್ತು ಅಂತ ಹೇಳೋಕೆ ಪದಗಳೇ ಬೇಕು.

ಆ ಪದಗಳು ಕನ್ನಡದಲ್ಲಿ ಧಾರಾಳವಾಗಿವೆ. ಕಹಿ ಬೇರೆ, ಬಾಯಿ ಒಣಗಿಸುವ ಒಗರು ಬೇರೆ, ಮೂಗಿಗೆ ಏರುವ ಘಾಟು ಬೇರೆ, ಹಳಸಿದ ಎಣ್ಣೆಯ ಕಮಟು ಬೇರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಇವೆಲ್ಲಕ್ಕೂ ಸ್ಟ್ರಾಂಗ್ ಅನ್ನೋ ಒಂದೇ ಪದ ಬಳಸ್ತಿದ್ದೆ.

ಇದನ್ನ ಪ್ರಯೋಗ ಮಾಡೋಕೆ ಬಿಯರ್ ಬೇಡ. ನಾಳೆ ಕ್ಯಾಂಟೀನಿನಲ್ಲಿ ಸಕ್ಕರೆ ಇಲ್ಲದ ಡಿಕಾಕ್ಷನ್ ಒಂದು ಗುಟುಕು ಕುಡಿದು, ಮೊದಲು ಏನು ಬಂತು, ನಡುವೆ ಏನು, ನುಂಗಿದ ಮೇಲೆ ಏನು ಉಳಿಯಿತು ಅಂತ ಮೂರು ಸಾಲು ಬರೆಯಿರಿ. ಪಕ್ಕದಲ್ಲಿ ಕೂತ ಫ್ರೆಂಡ್‌ಗೂ ಬರೆಯೋಕೆ ಹೇಳಿ. ಆಮೇಲೆ ಎರಡನ್ನೂ ಹೋಲಿಸಿ ನೋಡಿ.