ಎದುರಿಗೆ ಊಟವಿದ್ದರೂ ಉಪವಾಸ ಬೀಳುವ ಮೀನು

ಹೈದರಾಬಾದಿಗೂ ಸಮುದ್ರಕ್ಕೂ ಎಲ್ಲಿಯ ನಂಟು? ಆದರೂ ಸುಲ್ತಾನ್ ಬಜಾರ್‌ನ ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿ ನೀಲಿ, ಕಿತ್ತಳೆ ಬಣ್ಣದ ಬೆರಳುದ್ದದ ಮ್ಯಾಂಡರಿನ್ ಮೀನೊಂದನ್ನು ಬಿಟ್ಟಿದ್ದೆ. ಪಶ್ಚಿಮ ಪೆಸಿಫಿಕ್ ಸಾಗರದ ಹವಳದ ದಿಬ್ಬಗಳು ಇದರ ತವರು. ಡಬ್ಬಿಯ ಆಹಾರವನ್ನು ಅದು ಮೂಸಿಯೂ ನೋಡಲಿಲ್ಲ. ಹಸಿವಾದರೆ ತಾನೇ ತಿನ್ನುತ್ತದೆ ಎಂದುಕೊಂಡೆ. ಹೊಟ್ಟೆ ಒಳಸೇರಿ ಮೂರನೇ ವಾರ ಸತ್ತುಹೋಯಿತು.

ಅದು ಹಠವಾಗಿರಲಿಲ್ಲ. ಕಲ್ಲುಗಳ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಅತಿ ಸಣ್ಣ ಜೀವಿಗಳನ್ನು ದಿನವಿಡೀ ಒಂದೊಂದಾಗಿ ಹೆಕ್ಕಿ ತಿನ್ನುವುದು ಈ ಮೀನಿನ ಕ್ರಮ. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಇದ್ದರೂ ಬೇಗ ಮುಗಿಯುತ್ತವೆ.

ನಮ್ಮ ಸಂಘದ ಸದಸ್ಯರಲ್ಲಿ ಮೀನು ಸಾಕುವವರಿಗೆ ಒಂದು ಮಾತು. ಕೋಪೆಪಾಡ್ ಬಿಟ್ಟು, ಅವುಗಳ ಸಂತತಿ ಬೆಳೆಯಲು ಆರು ತಿಂಗಳಿಂದ ಒಂದು ವರ್ಷ ಕಾಯಿರಿ. ಜೊತೆಗೆ ಆರ್ಟೀಮಿಯಾ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಹಾಕಿ ಗಾಳಿ ಪಂಪು ಬಿಟ್ಟರೆ ಒಂದು, ಒಂದೂವರೆ ದಿನದಲ್ಲಿ ಮರಿಯಾಗುತ್ತದೆ. ಅದನ್ನು ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಕೊಡಿ. ಚುರುಕಿನ ಮೀನುಗಳು ಜೊತೆಗಿದ್ದರೆ ಇದರ ಪಾಲನ್ನೂ ಕಬಳಿಸುತ್ತವೆ, ಎಚ್ಚರ. ರೂಢಿಯಾದ ಮೇಲೆ ಕೆಲವು ಮೀನು ಫ್ರೀಜ್ ಮಾಡಿದ ಆಹಾರವನ್ನೂ ಮುಟ್ಟುತ್ತವೆ, ಎಲ್ಲವೂ ಅಲ್ಲ.

ಕೊಳ್ಳುವಾಗ ಅಂಗಡಿಯವರಿಗೆ 'ಎದುರಿಗೇ ತಿನ್ನಿಸಿ ತೋರಿಸಿ' ಎನ್ನಿ. ತಿನ್ನದಿದ್ದರೆ ಬಣ್ಣಕ್ಕೆ ಮರುಳಾಗದೆ ಮನೆಗೆ ಬನ್ನಿ. ನಮ್ಮ ತೊಟ್ಟಿಯಲ್ಲಿ ಅದರ ಜಾಗ ಇನ್ನೂ ಖಾಲಿಯಿದೆ.