ನೆನಪಿನ ಭಾಷೆ, ಬರಹದ ಭಾಷೆ: ಗಡಿತಾಲ್ಲೂಕುಗಳ ಆತ್ಮಕಥನವನ್ನು ಓದುವ ಬಗೆ

ಆತ್ಮಕಥನಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಎರಡು ಪ್ರಶ್ನೆಗಳನ್ನು ಅವಲಂಬಿಸಿವೆ. ಲೇಖಕ ಏನನ್ನು ನೆನೆದಿದ್ದಾನೆ? ಏನನ್ನು ಹೇಳದೆ ಬಿಟ್ಟಿದ್ದಾನೆ? ಯಾವ ಭಾಷೆಯಲ್ಲಿ ನೆನೆದಿದ್ದಾನೆ ಎಂಬ ಮೂರನೆಯ ಪ್ರಶ್ನೆ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆ ಅನಿವಾರ್ಯವಾದುದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶದಲ್ಲಿ ಅನೇಕ ಮನೆಗಳ ಮಾತು ತೆಲುಗು. ಶಾಲೆಯ, ಕಚೇರಿಯ ಬರಹ ಕನ್ನಡ. ಬದುಕು ಒಂದು ಭಾಷೆಯಲ್ಲಿ ನಡೆದು ಅದರ ದಾಖಲೆ ಮತ್ತೊಂದರಲ್ಲಿ ಆಗುವುದು ಇಲ್ಲಿ ಸಹಜ ಸಂಗತಿ.

ಒಂದು ಪದದಿಂದಲೇ ಇದನ್ನು ಸ್ಪಷ್ಟಪಡಿಸಬಹುದು. ಕನ್ನಡದಲ್ಲಿ ‘ಗುರುತು’ ಎಂದರೆ ಚಿಹ್ನೆ, ಪರಿಚಯ. ತೆಲುಗಿನ ‘ಗುರ್ತು’ ಈ ಅರ್ಥಗಳ ಜೊತೆಗೆ ನೆನಪನ್ನೂ ಸೂಚಿಸುತ್ತದೆ. ‘ಗುರ್ತುಂದಾ?’ ಎಂದರೆ ‘ನೆನಪಿದೆಯೇ?’ ಎಂದರ್ಥ. ಅಲ್ಲಿ ನೆನೆಯುವುದೂ ಗುರುತಿಸುವುದೂ ಒಂದೇ ಪದದಲ್ಲಿ ಸೇರಿವೆ. ಈ ಮಾತನ್ನು ‘ನೆನಪು’ ಎಂದು ಬರೆದೊಡನೆ ಅದರ ಅರ್ಧ ಅರ್ಥ ಹಿಂದೆ ಉಳಿಯುತ್ತದೆ.

ಈ ಎರಡು ಭಾಷೆಗಳ ನಡುವೆ ಗೋಡೆಯಿಲ್ಲದ ಸ್ಥಿತಿಗೆ ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರೇ ನಿದರ್ಶನ. ಕೈವಾರ ತಾತಯ್ಯನೆಂದೇ ಜನ ಕರೆಯುವ ಇವರು ತೆಲುಗು, ಕನ್ನಡ ಎರಡರಲ್ಲೂ ತತ್ತ್ವಪದಗಳನ್ನು ರಚಿಸಿದ್ದಾರೆ. ಅವರ ತೆಲುಗು ಪದಗಳು ಕನ್ನಡ ಲಿಪಿಯಲ್ಲಿ ಅಚ್ಚಾಗಿ ಭಜನೆಯ ಕಂಠಗಳಲ್ಲಿ ಉಳಿದಿವೆ. ಇಲ್ಲಿ ನೆನಪು ಒಬ್ಬನ ಸೊತ್ತಲ್ಲ, ಸಮುದಾಯದ್ದು. ಅದಕ್ಕೆ ಭಾಷಾಂತರದ ಅಗತ್ಯವೂ ಬೀಳಲಿಲ್ಲ.

ಆಧುನಿಕ ಶಿಕ್ಷಣದೊಂದಿಗೆ ಈ ಸ್ಥಿತಿ ಬದಲಾಯಿತು. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು ಮುಗಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದ್ದು ಇಂಗ್ಲಿಷಿನಲ್ಲಿ. ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಎಂಬ ಶೀರ್ಷಿಕೆಯೇ ನೆನಪಿಗೆ ಎಲ್ಲೆ ಹಾಕುತ್ತದೆ: ನೆನೆಯಬೇಕಾದುದು ದುಡಿಮೆಯ ಬದುಕು ಮಾತ್ರ. ವೃತ್ತಿಯ ಭಾಷೆಯನ್ನು ಆಯ್ದುಕೊಂಡಾಗ ಅದರೊಳಗೆ ಬರಬಹುದಾದ ನೆನಪುಗಳೂ ಆಯ್ಕೆಗೊಳ್ಳುತ್ತವೆ.

ಗೌರಿಬಿದನೂರು ತಾಲ್ಲೂಕು ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು ಬರಹಗಾರರನ್ನು ಕೊಟ್ಟಿದೆ. ಹೊಸೂರಿನ ಎಚ್. ನರಸಿಂಹಯ್ಯನವರು (1920-2005) ‘ಹೋರಾಟದ ಹಾದಿ’ ಎಂಬ ಆತ್ಮಕಥೆಯನ್ನು ಬರೆದರು. 1935ರಲ್ಲಿ ಪ್ರೌಢಶಾಲೆಯ ಓದಿಗಾಗಿ ಊರಿನಿಂದ ಬೆಂಗಳೂರಿಗೆ ನಡೆದೇ ಹೋದ ಹುಡುಗ ಅವರು. ಮರುವರ್ಷ ಗಾಂಧೀಜಿಯವರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದ್ದೂ ಅದೇ ಹುಡುಗ. ಮುಂದೆ ಭೌತವಿಜ್ಞಾನಿಯಾಗಿ, ಕುಲಪತಿಯಾಗಿ ಹೆಸರಾದ ವ್ಯಕ್ತಿಯ ಸಾರ್ವಜನಿಕ ಜೀವನ ಒಂದು ಅನುವಾದದಿಂದ ಮೊದಲಾಯಿತೆಂಬುದು ನಮ್ಮ ಚರ್ಚೆಗೆ ಅರ್ಥಪೂರ್ಣ.

ಇಡಗೂರಿನ ಎಲ್. ಬಸವರಾಜು ಅವರದು (1919-2012) ಬೇರೆಯೇ ದಾರಿ. ‘ಅಲ್ಲಮನ ವಚನ ಚಂದ್ರಿಕೆ’ಯ ಸಂಪಾದಕರಾಗಿ, ಪಂಪನ ಕಾವ್ಯಗಳನ್ನು ಸರಳ ರೂಪದಲ್ಲಿ ಒದಗಿಸಿದವರಾಗಿ, ಅಶ್ವಘೋಷನನ್ನು ಕನ್ನಡಕ್ಕೆ ತಂದವರಾಗಿ ಅವರು ಪರರ ಪಠ್ಯಗಳನ್ನೇ ತಮ್ಮ ಬರವಣಿಗೆಯ ಬದುಕಾಗಿಸಿಕೊಂಡರು. ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದಕನ ಓದು ಕೂಡ ಒಂದು ಬಗೆಯ ನೆನೆಯುವಿಕೆ. ಒಂದು ನುಡಿಸಮುದಾಯ ಮರೆತುದನ್ನು ಅದು ಮತ್ತೆ ಗುರುತಿಸುತ್ತದೆ. ತೆಲುಗಿನ ‘ಗುರ್ತು’ ಎಂಬ ಪದ ಈ ಕೆಲಸಕ್ಕೆ ‘ನೆನಪಿ’ಗಿಂತ ಚೆನ್ನಾಗಿ ಒಪ್ಪುತ್ತದೆ.

ಶಿಡ್ಲಘಟ್ಟ ತಾಲ್ಲೂಕಿನ ಚೀಮಂಗಲದಲ್ಲಿ 1946ರಲ್ಲಿ ಹುಟ್ಟಿ ಚಿಂತಾಮಣಿಯಲ್ಲಿ ದೀರ್ಘಕಾಲ ನೆಲೆಸಿದ್ದ ಬಿ.ಆರ್. ಲಕ್ಷ್ಮಣರಾವ್ ಅವರಲ್ಲಿ ಮತ್ತೊಂದು ಸಾಧ್ಯತೆ ಕಾಣುತ್ತದೆ. ‘ಗೋಪಿ ಮತ್ತು ಗಾಂಡಲೀನ’ ಎಂಬ 1971ರ ಸಂಕಲನದ ಹೆಸರಿನಲ್ಲೇ ಊರಿನ ಪರಿಚಿತ ಹೆಸರೂ ಹೊರಲೋಕದ ಹೆಸರೂ ಒಂದೇ ಸಾಲಿನಲ್ಲಿ ಕುಳಿತಿವೆ. ಸಣ್ಣ ಊರಿನ ಬದುಕು ಮತ್ತು ದೂರದಿಂದ ಬಂದ ಲೋಕ ಇಲ್ಲಿ ಪರಸ್ಪರ ನಕ್ಕು ಮಾತಾಡುತ್ತವೆ.

ಈ ನಿದರ್ಶನಗಳಿಂದ ಒಂದು ಮಾತು ಖಚಿತವಾಗುತ್ತದೆ. ಈ ನೆಲದ ಆತ್ಮಕಥನವನ್ನು ಮೂಲಕೃತಿಯೆಂದು ಓದುವುದರ ಜೊತೆಗೆ, ಅನುವಾದವೆಂದು ಹೇಳಿಕೊಳ್ಳದ ಅನುವಾದವಾಗಿರಬಹುದೆಂಬ ಎಚ್ಚರದಿಂದಲೂ ಓದಬೇಕು. ಸಂಭಾಷಣೆಗಳು ಯಾವ ಭಾಷೆಯಲ್ಲಿ ನಡೆದಿರಬಹುದು, ಗಾದೆ, ಬೈಗುಳ, ಜೋಗುಳಗಳು ಎಲ್ಲಿ ಕಾಣೆಯಾಗಿವೆ ಎಂದು ಕೇಳಬೇಕು.

ಈ ಎಚ್ಚರ ಸಂಶೋಧಕರಿಗೂ ಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಹಿರಿಯರೊಬ್ಬರು ತೆಲುಗಿನಲ್ಲಿ ಹೇಳಿದ ಬಾಲ್ಯವನ್ನು ನಾನು ನೇರವಾಗಿ ಕನ್ನಡದಲ್ಲಿ ಬರೆದುಕೊಂಡಿದ್ದೆ. ಟಿಪ್ಪಣಿ ತಿರುವಿ ನೋಡಿದಾಗ ಸಂಗತಿಗಳೆಲ್ಲ ಇದ್ದವು, ಅವರ ಮಾತು ಇರಲಿಲ್ಲ. ಆ ವೇಳೆಗೆ ಅವರೂ ತೀರಿಕೊಂಡಿದ್ದರು. ಕನ್ನಡ ವಿಭಾಗಗಳು ಇಂತಹ ಕಥನಗಳನ್ನು ಹೇಳಿದ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ, ಕನ್ನಡ ಅನುವಾದದೊಂದಿಗೆ ಸಂಗ್ರಹಿಸಬೇಕು. ತಾತಯ್ಯನ ಪದಗಳ ವಿಷಯದಲ್ಲಿ ಭಕ್ತರು ಎಂದೋ ಮಾಡಿದ ಕೆಲಸವಿದು. ಇದರಿಂದ ಕನ್ನಡಕ್ಕೆ ನಷ್ಟವಿಲ್ಲ; ಕನ್ನಡದ ನೆನಪು ಎಷ್ಟು ಭಾಷೆಗಳಿಂದ ಕೂಡಿಬಂದಿದೆಯೆಂಬ ಗುರುತು ನಮಗೆ ಸಿಗುತ್ತದೆ.